ಬೀಜಗಣಿತೀಯ ಜ್ಯಾಮಿತಿ ಮತ್ತು ಗಣಕ ಸಿದ್ಧಾಂತ: ಕಾಸರಗೋಡಿನ ವಿದ್ಯಾರ್ಥಿಗೆ ಒಂದು ದಾರಿ

ಬದಿಯಡ್ಕ, ಪೆರ್ಲ, ಕುಂಬಳೆ ಕಡೆಯ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಓದಿ ಪ್ಲಸ್ ಟುವಿಗೆ ಗಣಿತ ತೆಗೆದುಕೊಂಡ ಮಕ್ಕಳಲ್ಲಿ ಕೆಲವರಿಗಾದರೂ ಒಂದು ಗೊಂದಲ ಇರುತ್ತದೆ. ಗಣಿತ ಇಷ್ಟ, ಕಂಪ್ಯೂಟರ್ ಕೂಡ ಇಷ್ಟ. ಎಂಜಿನಿಯರಿಂಗಿಗೆ ಹೋದರೆ ಗಣಿತ ಕೈಬಿಡುತ್ತದೆ, ಬಿಎಸ್ಸಿ ಗಣಿತಕ್ಕೆ ಹೋದರೆ ಕಂಪ್ಯೂಟರ್ ದೂರವಾಗುತ್ತದೆ ಎಂಬ ಭಯ. ಎರಡನ್ನೂ ಕೊನೆಯವರೆಗೆ ಹಿಡಿದುಕೊಂಡು ಹೋಗುವ ದಾರಿಗಳಲ್ಲಿ ಒಂದು ಬೀಜಗಣಿತೀಯ ಜ್ಯಾಮಿತಿ ಮತ್ತು ಸೈದ್ಧಾಂತಿಕ ಗಣಕ ವಿಜ್ಞಾನ ಕೂಡುವ ಜಾಗದಲ್ಲಿದೆ. ನಮ್ಮ ದೇಶದಲ್ಲಿ ಈ ವಿಷಯದಲ್ಲಿ ಜಗತ್ತಿನ ಗಮನ ಸೆಳೆದ ಕೆಲಸ ನಡೆದಿದೆ, ನಡೆಯುತ್ತಲೂ ಇದೆ. ಗಡಿನಾಡಿನ ಮಕ್ಕಳಿಗೆ ಕೊರತೆಯಾಗಿರುವುದು ಬುದ್ಧಿಯೂ ಅಲ್ಲ, ಭಾಷೆಯೂ ಅಲ್ಲ. ಯಾವಾಗ ಯಾವ ಬಾಗಿಲು ತಟ್ಟಬೇಕೆಂಬ ತಿಳಿವಳಿಕೆ ಸಿಗದಿರುವುದೇ ಕೊರತೆ. ಅದನ್ನು ಹಂತ ಹಂತವಾಗಿ ಬರೆಯುತ್ತಿದ್ದೇನೆ.

ಬೀಜಗಣಿತೀಯ ಜ್ಯಾಮಿತಿ ಬಹುಪದೋಕ್ತಿ ಸಮೀಕರಣಗಳ ಪರಿಹಾರಗಳು ಸೇರಿ ಆಗುವ ಆಕೃತಿಗಳನ್ನು ಅಭ್ಯಸಿಸುತ್ತದೆ. ಹೈಸ್ಕೂಲಿನ ವೃತ್ತ, ಪರವಲಯಗಳೇ ಅದರ ಆರಂಭ. ಸೈದ್ಧಾಂತಿಕ ಗಣಕ ವಿಜ್ಞಾನ ಕೇಳುವುದು ಬೇರೆ ಪ್ರಶ್ನೆ: ಒಂದು ಸಮಸ್ಯೆಯನ್ನು ಬಿಡಿಸಲು ಕನಿಷ್ಠ ಎಷ್ಟು ಲೆಕ್ಕ ಬೇಕು, ಅದಕ್ಕಿಂತ ಕಡಿಮೆಯಲ್ಲಿ ಆಗದು ಎಂದು ಸಾಧಿಸಲು ಬರುತ್ತದೆಯೇ? ಇವೆರಡಕ್ಕೂ ಸಾಮಾನ್ಯವಾದ ವಸ್ತು ಬಹುಪದೋಕ್ತಿ.

ಮೊದಲ ಹೆಜ್ಜೆ: ಒಂದು ಲೆಕ್ಕ ಮಾಡಿ ನೋಡಿ

ಈ ದಾರಿ ನಿಮಗೆ ಹೊಂದುತ್ತದೆಯೇ ಎಂದು ತಿಳಿಯಲು ಯಾರ ಸಲಹೆಯೂ ಬೇಡ. ಒಂದು ಹಾಳೆ, ಒಂದು ಪೆನ್ಸಿಲ್ ಸಾಕು. ಮಂಜೇಶ್ವರ ತಾಲೂಕಿನ ಪಂಚಾಯಿತಿಗಳ ನಕ್ಷೆಯನ್ನು ಎದುರಿಗಿಟ್ಟುಕೊಳ್ಳಿ. ವರ್ಕಾಡಿ, ಮೀಂಜ, ಪೈವಳಿಕೆ, ಪುತ್ತಿಗೆ, ಎಣ್ಮಕಜೆ ಮುಂತಾದವುಗಳಿಗೆ ಮೂರೇ ಬಣ್ಣ ಬಳಿಯಬೇಕು. ಗಡಿ ಹಂಚಿಕೊಂಡ ಎರಡು ಪಂಚಾಯಿತಿಗಳಿಗೆ ಒಂದೇ ಬಣ್ಣ ಬರಬಾರದು. ಇದನ್ನು ಸಮೀಕರಣವಾಗಿ ಬರೆಯುವುದು ಹೇಗೆ?

ಸಂಮಿಶ್ರ ಸಂಖ್ಯೆಗಳಲ್ಲಿ 1ಕ್ಕೆ ಮೂರು ಘನಮೂಲಗಳಿವೆ ಎಂದು ಪ್ಲಸ್ ಟುವಿನ ಹೊತ್ತಿಗೆ ತಿಳಿದಿರುತ್ತದೆ. ಆ ಮೂರೇ ನಮ್ಮ ಮೂರು ಬಣ್ಣಗಳು. ಪ್ರತಿ ಪಂಚಾಯಿತಿಗೂ ಒಂದು ಚರಾಕ್ಷರ ಕೊಟ್ಟು x³ = 1 ಎಂದು ಬರೆಯಿರಿ. x ಮತ್ತು y ನೆರೆಯವಾದರೆ x² + xy + y² = 0 ಎಂದು ಸೇರಿಸಿ. ಏಕೆಂದರೆ x³ − y³ = (x − y)(x² + xy + y²); ಎಡಗಡೆ ಸೊನ್ನೆ. x ಮತ್ತು y ಬೇರೆಯಾಗಿದ್ದರೆ ಎರಡನೆಯ ಅಪವರ್ತನ ಸೊನ್ನೆಯಾಗಲೇಬೇಕು. ಅವು ಒಂದೇ ಆಗಿದ್ದರೆ ಅದು 3x² ಆಗುತ್ತದೆ, ಸೊನ್ನೆಯಾಗದು. ಹಾಗಾಗಿ ಈ ಎಲ್ಲ ಸಮೀಕರಣಗಳಿಗೆ ಒಟ್ಟಿಗೆ ಪರಿಹಾರವಿದ್ದರೆ ನಕ್ಷೆಗೆ ಮೂರು ಬಣ್ಣ ಸಾಕು, ಇಲ್ಲದಿದ್ದರೆ ಸಾಲದು.

ಈಗ ಒಂದಕ್ಕೊಂದು ನೆರೆಯಾದ ನಾಲ್ಕು ಪ್ರದೇಶಗಳನ್ನು ಊಹಿಸಿ: x, y, z, w. ಇವಕ್ಕೆ ಮೂರು ಬಣ್ಣ ಸಾಲದು ಎನ್ನುವುದು ಕಣ್ಣಿಗೇ ಕಾಣುತ್ತದೆ. ಅದನ್ನು ಬೀಜಗಣಿತದಿಂದ ತೋರಿಸಿ. x² + xy + y² ನಿಂದ x² + xz + z² ಅನ್ನು ಕಳೆದರೆ (y − z)(x + y + z) = 0. y ಮತ್ತು z ಬೇರೆಯಾದ್ದರಿಂದ x + y + z = 0. ಇದೇ ರೀತಿ x + y + w = 0. ಹಾಗಾದರೆ z = w. ಆದರೆ ಅವು ನೆರೆಯವು, ಆದ್ದರಿಂದ 3z² = 0, ಅಂದರೆ z = 0; ಇದು z³ = 1 ಎಂಬುದಕ್ಕೆ ವಿರುದ್ಧ. ಸಾಧನೆ (ಪ್ರೂಫ್) ಮುಗಿಯಿತು.

ಈ ಪುಟ್ಟ ಲೆಕ್ಕದಲ್ಲಿ ಎರಡೂ ಶಾಸ್ತ್ರಗಳಿವೆ. ಸಂಮಿಶ್ರ ಸಂಖ್ಯೆಗಳಲ್ಲಿ ಸಮೀಕರಣಗಳಿಗೆ ಸಾಮಾನ್ಯ ಪರಿಹಾರ ಇಲ್ಲದಿದ್ದರೆ, ಆ ಬಹುಪದೋಕ್ತಿಗಳನ್ನು ತಕ್ಕ ಬಹುಪದೋಕ್ತಿಗಳಿಂದ ಗುಣಿಸಿ ಕೂಡಿದಾಗ 1 ಬರುವಂತೆ ಮಾಡಲು ಯಾವಾಗಲೂ ಸಾಧ್ಯ. ಇದು 1893ರಲ್ಲಿ ಹಿಲ್ಬರ್ಟ್ ಕೊಟ್ಟ ನುಲ್‌ಸ್ಟೆಲೆನ್‌ಸಾಟ್ಜ್ ಪ್ರಮೇಯ. ಬೀಜಗಣಿತೀಯ ಜ್ಯಾಮಿತಿಯ ತಳಪಾಯಗಳಲ್ಲಿ ಒಂದು. ಗಣಕ ಸಿದ್ಧಾಂತಿ ಮುಂದೆ ಕೇಳುತ್ತಾನೆ: ಗುಣಿಸಬೇಕಾದ ಆ ಬಹುಪದೋಕ್ತಿಗಳು ಎಷ್ಟು ದೊಡ್ಡವು? ಬ್ರೌನವೆಲ್ 1987ರಲ್ಲಿ, ಕೊಲ್ಲಾರ್ 1988ರಲ್ಲಿ ಅದಕ್ಕೆ ಮಿತಿ ಕೊಟ್ಟರು. ಚರಾಕ್ಷರಗಳ ಸಂಖ್ಯೆ ಹೆಚ್ಚಿದಂತೆ ಆ ಮಿತಿ ಘಾತೀಯವಾಗಿ ಬೆಳೆಯುತ್ತದೆ. ಮೂರು ಬಣ್ಣದ ಸಮಸ್ಯೆ ಎನ್‌ಪಿ-ಪೂರ್ಣ, ಅಂದರೆ ಉತ್ತರ ಕೊಟ್ಟರೆ ಬೇಗ ಪರೀಕ್ಷಿಸಬಹುದಾದ (ಎನ್‌ಪಿ) ಸಮಸ್ಯೆಗಳಲ್ಲಿ ಅತಿ ಕಠಿಣವಾದವುಗಳ ಗುಂಪಿನದು. ಎಲ್ಲ ನಕ್ಷೆಗಳಿಗೂ ಅನ್ವಯಿಸುವ ವೇಗದ ವಿಧಾನ ಯಾರಿಗೂ ಸಿಕ್ಕಿಲ್ಲ. ಈ ಕಡೆಯಿಂದ ಆ ಕಡೆಗೆ ಪ್ರಶ್ನೆ ದಾಟುವ ಬಗೆ ನಿಮಗೆ ರುಚಿಸಿದರೆ ಮುಂದೆ ಓದಿ.

ಪ್ಲಸ್ ಟು ಮತ್ತು ಪ್ರವೇಶ ಪರೀಕ್ಷೆಗಳು

ಮೊದಲು ತಿಳಿಯಬೇಕಾದ ಹೆಸರು ಚೆನ್ನೈ ಬಳಿಯ ಸಿರುಸೇರಿಯಲ್ಲಿರುವ ಚೆನ್ನೈ ಮ್ಯಾಥಮ್ಯಾಟಿಕಲ್ ಇನ್‌ಸ್ಟಿಟ್ಯೂಟ್, ಸಿಎಂಐ. ಇದನ್ನು 1989ರಲ್ಲಿ ಕಟ್ಟಿದವರು ಸಿ. ಎಸ್. ಶೇಷಾದ್ರಿ, ಬೀಜಗಣಿತೀಯ ಜ್ಯಾಮಿತಿಯ ಬಹು ದೊಡ್ಡ ವಿದ್ವಾಂಸರು. ಅಲ್ಲಿ ಗಣಿತವನ್ನೂ ಗಣಕ ಸಿದ್ಧಾಂತವನ್ನೂ ಒಂದೇ ಸೂರಿನಡಿ, ಒಂದೇ ಬಿಎಸ್ಸಿ ಆನರ್ಸ್ ಪದವಿಯಾಗಿ ಕಲಿಸುತ್ತಾರೆ. ನಾನು ಹೇಳುತ್ತಿರುವ ದಾರಿಗೆ ಇದಕ್ಕಿಂತ ನೇರವಾದ ಆರಂಭ ದೇಶದಲ್ಲಿ ಇನ್ನೊಂದು ಇದೆಯೆಂದು ನನಗನಿಸುವುದಿಲ್ಲ. ಎರಡನೆಯದು ಭಾರತೀಯ ಸಾಂಖ್ಯಿಕ ಸಂಸ್ಥೆ, ಐಎಸ್‌ಐ. ಅದರ ಬೆಂಗಳೂರು ಕೇಂದ್ರದ ಬಿ.ಮ್ಯಾತ್ ಹೆಸರುವಾಸಿ. ತಿರುವನಂತಪುರದ ಐಸರ್ (ವಿಜ್ಞಾನ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆ) ಕೂಡ ನೋಡತಕ್ಕದ್ದೇ.

ಸಿಎಂಐ ಮತ್ತು ಐಎಸ್‌ಐ ಪರೀಕ್ಷೆಗಳು ಎಂಟ್ರೆನ್ಸ್ ಕೋಚಿಂಗಿನ ಪರೀಕ್ಷೆಗಳಂತಲ್ಲ. ಅಲ್ಲಿ ಉತ್ತರ ಗುರುತಿಸಿದರೆ ಸಾಲದು, ಸಾಧನೆ ಬರೆಯಬೇಕು. ಹೀಗಾಗಿ ಕೋಟ್ಟಯಂಗೋ ಮಂಗಳೂರಿಗೋ ಹೋಗಿ ತರಬೇತಿ ಪಡೆಯಲಾಗದ ವಿದ್ಯಾರ್ಥಿಗೂ ಇಲ್ಲಿ ಸಮನಾದ ಅವಕಾಶವಿದೆ. ಹಳೆಯ ಪ್ರಶ್ನೆಪತ್ರಿಕೆಗಳು ಆ ಸಂಸ್ಥೆಗಳ ಜಾಲತಾಣಗಳಲ್ಲೇ ಉಚಿತವಾಗಿ ಸಿಗುತ್ತವೆ. ಪ್ಲಸ್ ವನ್ ರಜೆಯಲ್ಲಿ ಆರಂಭಿಸಿ, ವಾರಕ್ಕೆ ಎರಡೋ ಮೂರೋ ಪ್ರಶ್ನೆಗಳನ್ನು ಮಾತ್ರ ತೆಗೆದುಕೊಳ್ಳಿ. ಆದರೆ ಪ್ರತಿಯೊಂದರ ಉತ್ತರವನ್ನೂ ಇನ್ನೊಬ್ಬರು ಓದಿ ಒಪ್ಪುವಂತೆ ಪೂರ್ತಿ ವಾಕ್ಯಗಳಲ್ಲಿ ಬರೆಯಿರಿ. ನಿಮ್ಮ ಗಣಿತದ ಮಾಷ್ಟ್ರಿಗೋ ಟೀಚರಿಗೋ ತೋರಿಸಿ, ‘ಇಲ್ಲಿ ಎಲ್ಲಿ ಸಂಶಯ ಬರುತ್ತದೆ ಹೇಳಿ’ ಎಂದು ಕೇಳಿ. ಅಂಕ ಕೇಳಬೇಡಿ.

ಭಾಷೆಯ ಬಗ್ಗೆ ಒಂದು ಮಾತು. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿದವರಿಗೆ ಪ್ಲಸ್ ಟುವಿನ ಇಂಗ್ಲಿಷ್ ಪುಸ್ತಕ ಮೊದಲ ಕೆಲವು ತಿಂಗಳು ಕಷ್ಟ ಕೊಡುತ್ತದೆ. ಗಣಿತದ ಇಂಗ್ಲಿಷ್ ಬಹಳ ಚಿಕ್ಕದು; ‘ಆದ್ದರಿಂದ’, ‘ಎಂದಿಟ್ಟುಕೊಳ್ಳಿ’, ‘ಆದರೆ ಮಾತ್ರ’ ಎಂಬಂಥ ಕೆಲವೇ ಜೋಡಣೆಗಳು ಮತ್ತೆ ಮತ್ತೆ ಬರುತ್ತವೆ. ಕನ್ನಡದಲ್ಲಿ ಯೋಚಿಸಿ, ಕನ್ನಡದಲ್ಲೇ ಕರಡು ಮಾಡಿ, ಕೊನೆಯ ಪ್ರತಿಯನ್ನು ಇಂಗ್ಲಿಷಿನಲ್ಲಿ ಬರೆಯುವ ಅಭ್ಯಾಸ ಒಳ್ಳೆಯದು. ಮನೆಯಲ್ಲಿ ತುಳುವೋ ಹವ್ಯಕವೋ, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ ಎಂದು ಬೆಳೆದ ಮಗುವಿಗೆ ಇನ್ನೊಂದು ಭಾಷೆಯ ಭಯ ಇರಬೇಕಾಗಿಲ್ಲ.

ಊರಿನಲ್ಲೇ ಪದವಿ ಓದುವವರಿಗೆ

ಹದಿನೇಳನೆಯ ವಯಸ್ಸಿನಲ್ಲಿ ಸಿಎಂಐ ಸಿಗದಿದ್ದರೆ ಎಲ್ಲ ಮುಗಿಯಿತು ಎಂದುಕೊಳ್ಳುವವರಿದ್ದಾರೆ. ಅದು ಸುಳ್ಳು. ವಿದ್ಯಾನಗರದಲ್ಲಿರುವ ಕಾಸರಗೋಡು ಸರಕಾರಿ ಕಾಲೇಜು 1957ರಿಂದ ನಡೆಯುತ್ತಿದೆ. ಅಲ್ಲಿ ಅಥವಾ ಕಣ್ಣೂರು ವಿಶ್ವವಿದ್ಯಾಲಯದ ಇನ್ನೊಂದು ಕಾಲೇಜಿನಲ್ಲಿ ಗಣಿತ ಓದಿಯೂ ಎರಡನೆಯ ಸುತ್ತಿನಲ್ಲಿ, ಅಂದರೆ ಎಂಎಸ್ಸಿಯ ಹೊತ್ತಿಗೆ, ದೊಡ್ಡ ಸಂಸ್ಥೆಗಳನ್ನು ಸೇರಬಹುದು.

ಕೇರಳದಲ್ಲಿ 2024ರಿಂದ ನಾಲ್ಕು ವರ್ಷದ ಪದವಿ ಬಂದಿದೆ. ಇದನ್ನು ಸರಿಯಾಗಿ ಬಳಸಿಕೊಳ್ಳಿ. ಗಣಿತವನ್ನು ಮೇಜರ್ ಆಗಿ ತೆಗೆದುಕೊಂಡು, ಕಾಲೇಜಿನಲ್ಲಿ ಸೌಲಭ್ಯವಿದ್ದರೆ ಕಂಪ್ಯೂಟರ್ ಸೈನ್ಸನ್ನು ಮೈನರ್ ಆಗಿ ಸೇರಿಸಿ. ಮೇಜರ್ ಕಂಪ್ಯೂಟರ್, ಮೈನರ್ ಗಣಿತ ಎಂಬ ಜೋಡಣೆಗಿಂತ ಇದೇ ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ. ಅಲ್ಗಾರಿದಂಗಳನ್ನು ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಕಲಿಯಲು ಬರುತ್ತದೆ. ಅಮೂರ್ತ ಬೀಜಗಣಿತದ ರಿಂಗ್, ಐಡಿಯಲ್, ಫೀಲ್ಡುಗಳ ಪರಿಚಯ ಇಲ್ಲದೆ ಆ ವಯಸ್ಸಿನಲ್ಲಿ ಬೀಜಗಣಿತೀಯ ಜ್ಯಾಮಿತಿಗೆ ಕೈ ಹಾಕುವುದು ಬಹಳ ಕಷ್ಟ. ಇನ್ನೊಂದು ಲೌಕಿಕ ಕಾರಣವೂ ಇದೆ, ಅದನ್ನು ಮುಂದೆ ಹೇಳುತ್ತೇನೆ.

ಈ ವರ್ಷಗಳಲ್ಲಿ ಆಳವಾಗಿ ಕಲಿಯಬೇಕಾದದ್ದು ಮೊದಲು ರೇಖೀಯ ಬೀಜಗಣಿತ. ಈ ಕ್ಷೇತ್ರದ ಅರ್ಧ ಪ್ರಶ್ನೆಗಳು ಕೊನೆಗೆ ಒಂದು ಮಾತೃಕೆಯ ಮುಂದೆ ಬಂದು ನಿಲ್ಲುತ್ತವೆ. ಅನಂತರ ಅಮೂರ್ತ ಬೀಜಗಣಿತ. ಗ್ರಾಫ್ ಸಿದ್ಧಾಂತ, ಅಲ್ಗಾರಿದಂ, ಪಿ ಮತ್ತು ಎನ್‌ಪಿಯ ಅರ್ಥ ಇವನ್ನು ಎನ್‌ಪಿಟಿಇಎಲ್‌ನ (ಐಐಟಿಗಳು ಮತ್ತು ಐಐಎಸ್‌ಸಿ ನಡೆಸುವ ಆನ್‌ಲೈನ್ ಕಲಿಕೆ) ಪಾಠಗಳಿಂದ ಮನೆಯಲ್ಲೇ ಕಲಿಯಬಹುದು. ಒಂದು ಪ್ರೋಗ್ರಾಮಿಂಗ್ ಭಾಷೆ ಸಾಕು, ಪೈಥಾನ್ ಆದೀತು.

ಬೇಸಗೆ ರಜೆಯಲ್ಲಿ ಎಂಟಿಟಿಎಸ್ ಎಂಬ ಗಣಿತ ತರಬೇತಿ ಶಿಬಿರಕ್ಕೆ ಅರ್ಜಿ ಹಾಕಿ. 1993ರಲ್ಲಿ ಎಸ್. ಕುಮರೇಶನ್ ಆರಂಭಿಸಿದ ಈ ಶಿಬಿರದಲ್ಲಿ ಪಾಠ ಒಪ್ಪಿಸುವುದಿಲ್ಲ. ಪ್ರಶ್ನೆ ಕೇಳಿ ಕೇಳಿ ವಿದ್ಯಾರ್ಥಿಯಿಂದಲೇ ಪ್ರಮೇಯ ಹೊರಡಿಸುತ್ತಾರೆ. ಚಿಕ್ಕ ಊರಿನ ಕಾಲೇಜಿನಲ್ಲಿ ಗಣಿತವನ್ನು ಪ್ರಾಣದಂತೆ ಪ್ರೀತಿಸುವವರು ತರಗತಿಗೆ ಒಬ್ಬರೋ ಇಬ್ಬರೋ ಇರುತ್ತಾರೆ. ಅಂಥವರೇ ತುಂಬಿದ ಕೋಣೆಯಲ್ಲಿ ಕೆಲವು ವಾರ ಕಳೆಯುವುದರಿಂದ ಆಗುವ ಲಾಭ ಯಾವ ಪುಸ್ತಕದಿಂದಲೂ ಆಗದು. ಕೋಯಿಕ್ಕೋಡಿನಲ್ಲಿ ಕೇರಳ ಸ್ಕೂಲ್ ಆಫ್ ಮ್ಯಾಥಮ್ಯಾಟಿಕ್ಸ್ ಇದೆ. ಅಲ್ಲಿ ನಡೆಯುವ ಕಾರ್ಯಾಗಾರಗಳ ಮೇಲೂ ಕಣ್ಣಿಡಿ.

ಎರಡೂ ಕೂಡುವ ಜಾಗವನ್ನು ಕೈಯಿಂದ ಮುಟ್ಟುವುದು

ಪದವಿಯ ಮೂರನೆಯ ವರ್ಷದಲ್ಲಿ ಗ್ರೋಬ್ನರ್ ಬೇಸಿಸ್ (ಬಹುಪದೋಕ್ತಿ ಸಮೀಕರಣಗಳ ಗುಂಪನ್ನು ಬಿಡಿಸಲು ಸುಲಭವಾದ ರೂಪಕ್ಕೆ ತರುವ ವಿಧಾನ) ಕಲಿಯಲು ಆರಂಭಿಸಿ. ಇದಕ್ಕೆ ಕಾಕ್ಸ್, ಲಿಟಲ್ ಮತ್ತು ಓಶೀ ಬರೆದ ಪಠ್ಯ ಸಾಕು. ಪದವಿ ವಿದ್ಯಾರ್ಥಿಗಳಿಗೆಂದೇ ಬರೆದದ್ದು. ಬ್ರೂನೋ ಬುಕ್‌ಬರ್ಗರ್ 1965ರಲ್ಲಿ ತನ್ನ ಪಿಎಚ್‌ಡಿ ಪ್ರಬಂಧದಲ್ಲಿ ಈ ವಿಧಾನ ಕಂಡುಹಿಡಿದು, ಅದಕ್ಕೆ ಗುರು ಗ್ರೋಬ್ನರ್ ಅವರ ಹೆಸರಿಟ್ಟರು.

ಮೊದಲು ಕೈಯಲ್ಲೇ ಮಾಡಿ. x² + y² = 5 ಎಂಬ ವೃತ್ತ, xy = 2 ಎಂಬ ಅತಿಪರವಲಯ. ಮೊದಲನೆಯದನ್ನು y ಯಿಂದ, ಎರಡನೆಯದನ್ನು x ನಿಂದ ಗುಣಿಸಿ ಕಳೆದರೆ y³ − 5y + 2x = 0 ಸಿಗುತ್ತದೆ. ಇದನ್ನು y ಯಿಂದ ಗುಣಿಸಿ, xy ಜಾಗದಲ್ಲಿ 2 ಇಟ್ಟರೆ y⁴ − 5y² + 4 = 0. x ಮಾಯವಾಯಿತು! y ಬೆಲೆ 1, −1, 2, −2. ಒಟ್ಟು ನಾಲ್ಕು ಬಿಂದುಗಳು. ಸಾಮಾನ್ಯ ಭಾಗವಿಲ್ಲದ, ಘಾತ ಎರಡರ ಎರಡು ವಕ್ರರೇಖೆಗಳು ಹೆಚ್ಚೆಂದರೆ ನಾಲ್ಕು ಕಡೆ ಸಂಧಿಸುತ್ತವೆ ಎಂಬ ಬೆಜೂ ಪ್ರಮೇಯಕ್ಕೆ ಇದು ಸರಿಹೊಂದುತ್ತದೆ. ಆಮೇಲೆ ಮಕಾಲೆ2 ಅಥವಾ ಸಿಂಗ್ಯುಲರ್ ಎಂಬ ಉಚಿತ ತಂತ್ರಾಂಶವನ್ನು ಹಾಕಿಕೊಂಡು ದೊಡ್ಡ ಲೆಕ್ಕಗಳನ್ನು ಕೊಟ್ಟು ನೋಡಿ. ಚರಾಕ್ಷರಗಳನ್ನು ಒಂದೊಂದಾಗಿ ಹೆಚ್ಚಿಸಿದಂತೆ ಒಂದು ಹಂತದಲ್ಲಿ ಕಂಪ್ಯೂಟರ್ ಉತ್ತರ ಕೊಡದೆ ಓಡುತ್ತಲೇ ಇರುತ್ತದೆ. ಅದು ಯಂತ್ರದ ದೋಷವಲ್ಲ. ಅತಿ ಕಠಿಣ ಸಂದರ್ಭಗಳಲ್ಲಿ ಘಾತದ ಮೇಲೆ ಘಾತ ಏರಿದಷ್ಟು ದೊಡ್ಡ ಬಹುಪದೋಕ್ತಿಗಳು ಅನಿವಾರ್ಯ ಎಂದು ಮೈರ್ ಮತ್ತು ಮೇಯರ್ 1982ರಲ್ಲೇ ತೋರಿಸಿದ್ದಾರೆ. ಯಾವ ಆಕೃತಿಗಳಿಗೆ ಲೆಕ್ಕ ಸಲೀಸು, ಯಾವುದಕ್ಕೆ ಅಸಾಧ್ಯ, ಏಕೆ ಎಂಬ ಕುತೂಹಲ ಆಗ ತಾನಾಗಿ ಹುಟ್ಟುತ್ತದೆ. ಸಂಶೋಧನೆ ಶುರುವಾಗುವುದು ಅಲ್ಲಿಂದಲೇ.

ಎಂಎಸ್ಸಿ

ನನ್ನ ಸಲಹೆ: ಎಂಎಸ್ಸಿಯನ್ನು ಗಣಿತದಲ್ಲೇ ಮಾಡಿ. ಹಿಂದೆ ಹೇಳಿದ ಲೌಕಿಕ ಕಾರಣ ಇದು. ಕಾಲೇಜು ಅಧ್ಯಾಪಕರ ಹುದ್ದೆಗೆ ಅರ್ಹತೆ ನೋಡುವಾಗ ಸ್ನಾತಕೋತ್ತರ ಪದವಿ ಯಾವ ವಿಷಯದ್ದು ಎಂದು ಮೊದಲು ನೋಡುತ್ತಾರೆ. ಗಣಿತದ ಎಂಎಸ್ಸಿ ಇದ್ದು, ಅಧ್ಯಾಪಕರ ಅರ್ಹತಾ ಪರೀಕ್ಷೆಯಾದ ಯುಜಿಸಿ ನೆಟ್‌ಗೆ ಸಮನಾದ ಸಿಎಸ್‌ಐಆರ್ ನೆಟ್ ಪಾಸಾಗಿದ್ದರೆ ಕೇರಳ, ಕರ್ನಾಟಕ ಎರಡೂ ಕಡೆ ಗಣಿತ ವಿಭಾಗಗಳ ಬಾಗಿಲು ತೆರೆದಿರುತ್ತದೆ. ಮತ್ತೊಂದೆಡೆ, ಗಣಿತ ಓದಿದವರನ್ನು ಗಣಕ ಸಿದ್ಧಾಂತದ ಪಿಎಚ್‌ಡಿಗೆ ತೆಗೆದುಕೊಳ್ಳುವ ಸಂಸ್ಥೆಗಳೂ ಇವೆ. ಬಿ.ಎಡ್. ಮಾಡಿಕೊಂಡರೆ ಜಿಲ್ಲೆಯ ಕನ್ನಡ ಮಾಧ್ಯಮ ಹೈಸ್ಕೂಲುಗಳ ಗಣಿತ ಅಧ್ಯಾಪಕ ಹುದ್ದೆಗೆ ಪಿಎಸ್‌ಸಿ ಮೂಲಕ ಪ್ರಯತ್ನಿಸಬಹುದು. ಅಪ್ಪ ಅಮ್ಮ ‘ಇದನ್ನು ಓದಿದರೆ ಮುಂದೆ ಏನು’ ಎಂದು ಕೇಳಿದಾಗ ಇದನ್ನು ಸ್ಪಷ್ಟವಾಗಿ ಹೇಳಿ. ಅಡಿಕೆ ತೋಟದ ಆದಾಯವನ್ನೇ ನಂಬಿದ ಮನೆಯವರಿಗೆ ಆ ಪ್ರಶ್ನೆ ಕೇಳುವ ಹಕ್ಕಿದೆ.

ಐಐಟಿಗಳ ಎಂಎಸ್ಸಿಗೆ ಜಾಮ್ ಎಂಬ ಪ್ರವೇಶ ಪರೀಕ್ಷೆ, ಸಿಎಂಐ ಮತ್ತು ಐಎಸ್‌ಐಗಳಿಗೆ ಅವುಗಳದೇ ಪರೀಕ್ಷೆ. ಪೆರಿಯದ ಕೇರಳ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಗಣಿತವೂ ಕಂಪ್ಯೂಟರ್ ಸೈನ್ಸೂ ಇದ್ದು, ಪ್ರವೇಶ ಸಿಯುಇಟಿ ಎಂಬ ಸಾಮಾನ್ಯ ಪ್ರವೇಶ ಪರೀಕ್ಷೆಯ ಮೂಲಕ. ಮನೆಯಿಂದ ದೂರ ಹೋಗಲಾಗದವರಿಗೆ ಇದು ಜಿಲ್ಲೆಯೊಳಗೇ ಸಿಗುವ ಅವಕಾಶ.

ಯಾವ ಸಮಸ್ಯೆಯನ್ನು ಹಿಡಿಯುವುದು

ಎರಡು ಶಾಸ್ತ್ರಗಳನ್ನೂ ಪೂರ್ತಿ ಕಲಿತ ಮೇಲೆ ಸಂಶೋಧನೆ ಎಂದು ಕುಳಿತರೆ ಆಯುಷ್ಯ ಸಾಲದು. ಒಂದು ಸಮಸ್ಯೆಯನ್ನು ಹಿಡಿದು, ಅದು ಕೇಳಿದಷ್ಟನ್ನು ಎರಡೂ ಕಡೆಯಿಂದ ಕಲಿಯಬೇಕು. ನಾನು ಒತ್ತಿ ಹೇಳಬೇಕೆಂದಿರುವುದು ಇದೊಂದನ್ನೇ.

ಭಾರತದಲ್ಲಿ ಗಟ್ಟಿಯಾಗಿ ಬೇರೂರಿರುವುದು ಬೀಜಗಣಿತೀಯ ಸಂಕೀರ್ಣತೆ, ಅಂದರೆ ಒಂದು ಬಹುಪದೋಕ್ತಿಯನ್ನು ಲೆಕ್ಕ ಹಾಕಲು ಎಷ್ಟು ಕೂಡುವ, ಗುಣಿಸುವ ಹೆಜ್ಜೆ ಬೇಕು ಎಂಬ ಅಧ್ಯಯನ. ಡಿಟರ್ಮಿನೆಂಟನ್ನು ಬೇಗ ಲೆಕ್ಕ ಹಾಕಬಹುದು. ಅದರ ವಿಸ್ತರಣೆಯಲ್ಲಿ ಪದಗಳ ಮುಂದಿನ ಋಣ ಚಿಹ್ನೆಗಳನ್ನೆಲ್ಲ ಧನ ಮಾಡಿದರೆ ಸಿಗುವುದು ಪರ್ಮನೆಂಟ್. ಅದನ್ನು ಬೇಗ ಲೆಕ್ಕ ಹಾಕುವ ದಾರಿ ಯಾರಿಗೂ ಗೊತ್ತಿಲ್ಲ. ಹಾಗೆ ಆಗದು ಎಂದು ಸಾಧಿಸುವುದು 1979ರಲ್ಲಿ ವ್ಯಾಲಿಯಂಟ್ ಮುಂದಿಟ್ಟ ಸವಾಲು. ಕೇತನ್ ಮುಲ್ಮುಲೆ ಮತ್ತು ಐಐಟಿ ಬಾಂಬೆಯ ಮಿಲಿಂದ್ ಸೋಹೊನಿ 2001ರಿಂದ ಇದನ್ನು ಬೀಜಗಣಿತೀಯ ಜ್ಯಾಮಿತಿಯ ಪ್ರಶ್ನೆಯನ್ನಾಗಿ ಮಾಡಿದರು. ಆ ಪ್ರಯತ್ನಕ್ಕೆ ಜ್ಯಾಮಿತೀಯ ಸಂಕೀರ್ಣತಾ ಸಿದ್ಧಾಂತ ಎಂದು ಹೆಸರು. ಅವರ ಮೂಲ ಯೋಜನೆಯ ಒಂದು ದಾರಿ ಮುಚ್ಚಿದೆ ಎಂದು ಬ್ಯುರ್ಗಿಸರ್, ಇಕೆನ್‌ಮೇಯರ್, ಪನೋವಾ 2016ರಲ್ಲಿ ತೋರಿಸಿದರು, ಆದರೂ ಕ್ಷೇತ್ರ ಜೀವಂತವಾಗಿದೆ. 2021ರಲ್ಲಿ ನೂತನ್ ಲಿಮಯೆ, ಶ್ರೀಕಾಂತ್ ಶ್ರೀನಿವಾಸನ್ ಮತ್ತು ಸೆಬಾಸ್ಟಿಯನ್ ಟಾವೆನಾಸ್ ಕಡಿಮೆ ಆಳದ ಬೀಜಗಣಿತೀಯ ಸರ್ಕ್ಯೂಟುಗಳ (ಬಹುಪದೋಕ್ತಿಯನ್ನು ಕೂಡಿ ಗುಣಿಸಿ ಕಟ್ಟುವ, ಕೆಲವೇ ಹಂತಗಳ ಲೆಕ್ಕದ ಜಾಲಗಳ) ಬಗ್ಗೆ ದಶಕಗಳಿಂದ ಕಾಯುತ್ತಿದ್ದ ಫಲಿತಾಂಶ ಕೊಟ್ಟರು. ಮೊದಲ ಇಬ್ಬರೂ ಚೆನ್ನೈಯ ಗಣಿತ ವಿಜ್ಞಾನಗಳ ಸಂಸ್ಥೆಯಾದ ಐಎಂಎಸ್‌ಸಿಯಲ್ಲಿ ಪಿಎಚ್‌ಡಿ ಮಾಡಿದವರು. ಅವರ ಸಾಧನೆಯ ತಿರುಳು ರೇಖೀಯ ಬೀಜಗಣಿತ. ಎಂಎಸ್ಸಿ ವಿದ್ಯಾರ್ಥಿ ಶ್ರಮಪಟ್ಟರೆ ಓದಿ ಅರ್ಥ ಮಾಡಿಕೊಳ್ಳಬಲ್ಲ.

ಸಂಖ್ಯೆಗಳ ಕಡೆ ಒಲವಿದ್ದವರಿಗೆ ಎಲಿಪ್ಟಿಕ್ ಕರ್ವ್ ಗೂಢಲಿಪಿ ಇದೆ; ಒಂದು ಬಗೆಯ ಘನ ವಕ್ರರೇಖೆಯ ಬಿಂದುಗಳಿಂದ ಸಂದೇಶವನ್ನು ಗುಟ್ಟಾಗಿಡುವ ವಿಧಾನ. 1985ರಲ್ಲಿ ಕೋಬ್ಲಿಟ್ಸ್ ಮತ್ತು ಮಿಲ್ಲರ್ ಬೇರೆ ಬೇರೆಯಾಗಿ ಸೂಚಿಸಿದ್ದು. ಈಗ ನಮ್ಮ ಮೊಬೈಲುಗಳಲ್ಲಿ ನಿತ್ಯ ಕೆಲಸ ಮಾಡುತ್ತಿದೆ. ವಕ್ರರೇಖೆಗಳಿಂದ ದೋಷ ತಿದ್ದುವ ಕೋಡುಗಳನ್ನು ಕಟ್ಟುವುದು ಇನ್ನೊಂದು ಕವಲು: 1982ರಲ್ಲಿ ತ್ಸ್‌ಫಾಸ್ಮನ್, ವ್ಲಾದುತ್ಸ್ ಮತ್ತು ಜಿಂಕ್ ಹಳೆಯ ಮಿತಿಯೊಂದನ್ನು ಮೀರಿಸಿದಾಗ ಎಂಜಿನಿಯರುಗಳೂ ಬೆರಗಾದರು.

ಪಿಎಚ್‌ಡಿ

ಐಎಂಎಸ್‌ಸಿ, ಸಿಎಂಐ, ಮುಂಬೈಯ ಟಿಐಎಫ್‌ಆರ್ (ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ), ಐಐಟಿ ಬಾಂಬೆ, ಐಐಟಿ ಕಾನ್ಪುರ, ಬೆಂಗಳೂರಿನ ಐಐಎಸ್‌ಸಿ. ಇವು ಮೊದಲು ನೋಡಬೇಕಾದ ಜಾಗಗಳು. ಕಾನ್ಪುರದಿಂದಲೇ 2002ರಲ್ಲಿ ಅಗ್ರವಾಲ್, ಕಯಾಲ್, ಸಕ್ಸೇನಾ ಅವರ, ಸಂಖ್ಯೆಯ ಅವಿಭಾಜ್ಯತೆಯನ್ನು ಪರೀಕ್ಷಿಸುವ ಪ್ರಖ್ಯಾತ ಅಲ್ಗಾರಿದಂ ಬಂತು. ಸಂಸ್ಥೆಯ ಹೆಸರಿಗಿಂತ ಮಾರ್ಗದರ್ಶಕರು ಮುಖ್ಯ. ಮಾರ್ಗದರ್ಶಕರು ಒಂದು ಕಡೆಯವರಾಗಿದ್ದರೆ, ಇನ್ನೊಂದು ಕಡೆಯವರು ಅದೇ ಕಟ್ಟಡದಲ್ಲಿ ಅಥವಾ ಅದೇ ನಗರದಲ್ಲಿ ಇರುವ ಜಾಗ ಆರಿಸಿ. ಈ ದೃಷ್ಟಿಯಿಂದ ಚೆನ್ನೈ ಅನುಕೂಲ. ಐಎಂಎಸ್‌ಸಿ, ಸಿಎಂಐ ಎರಡೂ ಅಲ್ಲಿವೆ. ಮಂಗಳೂರು–ಚೆನ್ನೈ ಮೇಲ್ ರೈಲು ಕಾಸರಗೋಡಿನಲ್ಲಿ ನಿಲ್ಲುತ್ತದೆ ಎಂಬುದೂ ಮನೆಯವರಿಗೆ ಸಮಾಧಾನ ಕೊಡುವ ಸಂಗತಿ.

ಮಾರ್ಗದರ್ಶಕರಿಗೆ ಬರೆಯುವ ಮಿಂಚಂಚೆ ಚಿಕ್ಕದಾಗಿರಲಿ. ಅವರ ಒಂದು ಪ್ರಬಂಧದ ಯಾವ ಭಾಗ ಓದಿದಿರಿ, ಎಲ್ಲಿ ನಿಂತಿರಿ, ಯಾವ ಉದಾಹರಣೆಯನ್ನು ಸ್ವತಃ ಲೆಕ್ಕ ಹಾಕಿದಿರಿ ಎಂದು ಬರೆಯಿರಿ. ಹೊಗಳಿಕೆ ಬೇಡ. ಜೆಆರ್‌ಎಫ್ (ಕಿರಿಯ ಸಂಶೋಧನಾ ಫೆಲೋಶಿಪ್) ಸಿಕ್ಕರೆ 2023ರ ಜನವರಿಯಿಂದ ಜಾರಿಯಾದ ದರದಂತೆ ತಿಂಗಳಿಗೆ 37,000 ರೂಪಾಯಿ. ಹಿರಿಯ ಫೆಲೋ ಆಗಿ ಬಡ್ತಿಯಾದ ಮೇಲೆ 42,000. ಮನೆಗೆ ಭಾರವಾಗದೆ ಓದಬಹುದು.

ಎರಡು ವಿಭಾಗಗಳ ನಡುವೆ ಕೆಲಸ ಹುಡುಕುವುದು

ಇಲ್ಲಿ ಬಹಳ ಎಚ್ಚರ ಬೇಕು. ಗಣಿತದಲ್ಲಿ ಬೆಲೆ ಇರುವುದು ಜರ್ನಲ್ ಪ್ರಬಂಧಕ್ಕೆ. ಅದು ಪರಿಶೀಲನೆಯಾಗಿ ಅಚ್ಚಾಗಲು ಒಂದೆರಡು ವರ್ಷ ಹಿಡಿಯಬಹುದು. ಗಣಕ ಸಿದ್ಧಾಂತದಲ್ಲಿ ಎಸ್‌ಟಿಒಸಿ, ಎಫ್‌ಒಸಿಎಸ್, ಸಿಸಿಸಿಯಂತಹ ಸಮ್ಮೇಳನಗಳಲ್ಲಿ ಒಪ್ಪಿತವಾಗುವುದೇ ದೊಡ್ಡದು. ಕೆಲವೇ ತಿಂಗಳಲ್ಲಿ ತೀರ್ಮಾನ ಬರುತ್ತದೆ. ನಮ್ಮ ದೇಶದಲ್ಲಿ ಡಿಸೆಂಬರಿನಲ್ಲಿ ನಡೆಯುವ ಎಫ್‌ಎಸ್‌ಟಿಟಿಸಿಎಸ್ ಹೊಸಬರಿಗೆ ಒಳ್ಳೆಯ ವೇದಿಕೆ. ಒಂದೇ ಫಲಿತಾಂಶವನ್ನು ಮೊದಲು ಸಮ್ಮೇಳನಕ್ಕೆ ಚಿಕ್ಕದಾಗಿ, ಆಮೇಲೆ ಪೂರ್ಣ ಸಾಧನೆಯೊಂದಿಗೆ ಜರ್ನಲ್‌ಗೆ ಕಳುಹಿಸುವ ರೂಢಿ ಇದೆ. ಅದನ್ನು ತಪ್ಪದೆ ಮಾಡಿ. ಸಮ್ಮೇಳನಕ್ಕೇ ನಿಲ್ಲಿಸಿದರೆ ಗಣಿತ ವಿಭಾಗದ ಆಯ್ಕೆ ಸಮಿತಿ ನಿಮ್ಮನ್ನು ಸರಿಯಾಗಿ ಅಳೆಯಲಾರದು. ಎರಡೂ ಕಡೆ ಲೇಖಕರ ಹೆಸರು ಅಕಾರಾದಿಯಲ್ಲಿರುತ್ತದೆ; ಬೇರೆ ವಿಷಯದವರು ಕುಳಿತ ಸಮಿತಿಗೆ ಇದನ್ನು ಅರ್ಜಿಯಲ್ಲೇ ತಿಳಿಸಿ.

ಸಂಶೋಧನಾ ವಿವರಣೆಯ ಎರಡು ಪ್ರತಿ ಇಟ್ಟುಕೊಳ್ಳಿ. ಗಣಿತದವರಿಗೆ ಆಕೃತಿಯಿಂದ, ಗಣಕದವರಿಗೆ ಲೆಕ್ಕದ ಪ್ರಶ್ನೆಯಿಂದ ಆರಂಭಿಸಿ. ಇಂಥ ಎರಡು ಮನೆಯ ಬದುಕು ಸಾಧ್ಯ ಎಂಬುದಕ್ಕೆ ಶ್ರೀರಾಮ ಅಭ್ಯಂಕರ್ ಸಾಕ್ಷಿ. ಬೀಜಗಣಿತೀಯ ಜ್ಯಾಮಿತಿಯಲ್ಲಿ ವಿಶ್ವಪ್ರಸಿದ್ಧರಾದ ಅವರು ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಗಣಿತದ ಜೊತೆಗೆ ಕಂಪ್ಯೂಟರ್ ಸೈನ್ಸಿನ ಪ್ರಾಧ್ಯಾಪಕರೂ ಆಗಿದ್ದರು; ಪುಣೆಯಲ್ಲಿ 1976ರಲ್ಲಿ ಭಾಸ್ಕರಾಚಾರ್ಯ ಪ್ರತಿಷ್ಠಾನ ಸ್ಥಾಪಿಸಿದರು. ಆದರೆ ಅವರು ಮೊದಲು ಒಂದು ಶಾಸ್ತ್ರದಲ್ಲಿ ಅಲುಗಾಡದಂತೆ ನಿಂತು, ಆಮೇಲೆ ಇನ್ನೊಂದಕ್ಕೆ ಕೈ ಚಾಚಿದವರು. ಮೊದಲ ಕೆಲಸ ಸಿಗುವವರೆಗೆ ನಿಮ್ಮನ್ನು ಒಂದು ವಿಭಾಗದವರೆಂದು ಯಾರಾದರೂ ನಿಸ್ಸಂಶಯವಾಗಿ ಗುರುತಿಸುವಂತಿರಬೇಕು.

ಅರ್ಜಿಗಳ ಕಾಲ ಮತ್ತು ಕಾಗದಪತ್ರ

ಸಿಎಂಐ, ಐಎಸ್‌ಐ ಪರೀಕ್ಷೆಗಳು ಸಾಮಾನ್ಯವಾಗಿ ಮೇ ತಿಂಗಳಲ್ಲಿ. ಅರ್ಜಿ ಮಾರ್ಚ್ ಹೊತ್ತಿಗೇ ಶುರುವಾಗುತ್ತದೆ, ಅಂದರೆ ಪ್ಲಸ್ ಟು ಪರೀಕ್ಷೆಯ ಗಡಿಬಿಡಿಯಲ್ಲೇ. ಜಾಮ್ ಅರ್ಜಿ ಸೆಪ್ಟೆಂಬರಿನಲ್ಲಿ ತೆರೆದು ಪರೀಕ್ಷೆ ಫೆಬ್ರವರಿಯಲ್ಲಿ ನಡೆಯುತ್ತದೆ. ನೆಟ್ ವರ್ಷಕ್ಕೆ ಎರಡು ಬಾರಿ. ಪ್ರತಿವರ್ಷ ದಿನಾಂಕ ಬದಲಾಗುವುದರಿಂದ ಆಯಾ ಸಂಸ್ಥೆಯ ಜಾಲತಾಣವನ್ನೇ ನಂಬಿ.

ನಮ್ಮ ಕಡೆಯ ಮಕ್ಕಳು ಎಡವುವುದು ಹೆಚ್ಚಾಗಿ ಪ್ರಮಾಣಪತ್ರಗಳಲ್ಲಿ. ಎಸ್‌ಎಸ್‌ಎಲ್‌ಸಿ ಪುಸ್ತಕದಲ್ಲಿ ಹೆಸರಿನ ಜೊತೆ ಇನಿಶಿಯಲ್, ಆಧಾರ್‌ನಲ್ಲಿ ಮನೆಹೆಸರು, ಕಾಗುಣಿತವೂ ಬೇರೆ ಎಂದಾದರೆ ಅರ್ಜಿ ತಡೆದು ನಿಲ್ಲುತ್ತದೆ. ಪ್ಲಸ್ ವನ್‌ನಲ್ಲಿರುವಾಗಲೇ ಸರಿಪಡಿಸಿಕೊಳ್ಳಿ. ಹಿಂದುಳಿದ ವರ್ಗದ ಮೀಸಲಾತಿಗೆ ಬೇಕಾದ ನಾನ್ ಕ್ರೀಮಿಲೇಯರ್ ಪ್ರಮಾಣಪತ್ರದ ರಾಜ್ಯದ ನಮೂನೆ ಬೇರೆ, ಕೇಂದ್ರದ ನಮೂನೆ ಬೇರೆ. ಜಾಮ್, ಐಎಸ್‌ಐ, ಕೇಂದ್ರೀಯ ವಿಶ್ವವಿದ್ಯಾಲಯಗಳಿಗೆ ಕೇಂದ್ರದ್ದೇ ಬೇಕು. ಅಕ್ಷಯ ಕೇಂದ್ರದಲ್ಲಿ ಅರ್ಜಿ ಹಾಕುವಾಗ ಅದನ್ನು ಸ್ಪಷ್ಟವಾಗಿ ಹೇಳಿ, ಕೈಗೆ ಬಂದ ಮೇಲೆ ದಿನಾಂಕವನ್ನೂ ಒಮ್ಮೆ ನೋಡಿ. ಹಿಂದಿನ ಹಣಕಾಸು ವರ್ಷದ್ದಾದರೆ ಬಹಳ ಕಡೆ ಒಪ್ಪುವುದಿಲ್ಲ.